ಮನೆ ಔಷಧಿ ಡಬ್ಬಿಯ ಇತಿಹಾಸ, ಭಾಗ 3: ಓಆರ್‌ಎಸ್ ಪ್ಯಾಕೆಟ್

ನಿಮ್ಮನೆ ಔಷಧಿ ಡಬ್ಬಿ ಒಂದ್ಸಲ ತೆಗೆದು ನೋಡಿ. ಪ್ಯಾರಾಸಿಟಮಾಲ್ ಇರುತ್ತೆ, ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ ಇರುತ್ತೆ, ಅಮೃತಾಂಜನ ಅಂತೂ ಇದ್ದೇ ಇರುತ್ತೆ. ತಳದಲ್ಲಿ ಎಲ್ಲಾದರೂ ಓಆರ್‌ಎಸ್ ಪ್ಯಾಕೆಟ್ ಇದ್ಯಾ? ಇವತ್ತಿನ ಕಥೆ ಅದರದ್ದು.

1971. ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ, ಹೊತ್ತಿ ಉರಿಯುತ್ತಿತ್ತು. ಲಕ್ಷಗಟ್ಟಲೆ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಮಳೆಗಾಲ, ಕಿಕ್ಕಿರಿದ ಶಿಬಿರಗಳು, ಕೆಟ್ಟ ನೀರು. ಕಾಲರಾ ಶುರುವಾಯ್ತು.

ಕಾಲರಾದಲ್ಲಿ ಮನುಷ್ಯ ಸಾಯೋದು ಮೈಯಲ್ಲಿರೋ ನೀರು, ಉಪ್ಪು ಎಲ್ಲ ಹರಿದುಹೋಗಿ. ಕೆಲವೇ ಗಂಟೆ ಸಾಕು. ಆಗ ಡಾಕ್ಟರುಗಳು ನಂಬಿದ್ದ ಚಿಕಿತ್ಸೆ ಒಂದೇ: ರಕ್ತನಾಳಕ್ಕೆ ಸಲೈನ್ ಹಾಕೋದು. ಕಲ್ಕತ್ತಾದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಜೂನ್ ಕೊನೆಯಲ್ಲಿ ಗಡಿಯ ಬನಗಾಂವ್ ಆಸ್ಪತ್ರೆಗೆ ಬಂದಾಗ ಕಾಲರಾಕ್ಕೆ ಅಂತ ಇದ್ದದ್ದು ಎರಡು ಕೋಣೆ. ನೆಲದ ಮೇಲೆಲ್ಲ ರೋಗಿಗಳು. ಅವರ ವಾಂತಿ-ಭೇದಿಯ ನಡುವೆ ಮಂಡಿಯೂರಿಯೇ ಸೂಜಿ ಚುಚ್ಚಬೇಕಿತ್ತು. ಸಲೈನ್ ಖಾಲಿಯಾಗುತ್ತಿತ್ತು, ಹಾಕಲು ಬರುವವರೂ ಬೆರಳೆಣಿಕೆಯಷ್ಟೇ.

ಹಾಗಾದರೆ ಬಾಯಿಂದ ಕುಡಿಸಬಹುದಿತ್ತಲ್ವಾ ಅಂತೀರಾ? ಬರೀ ನೀರು ಕುಡಿದರೆ ಕರುಳು ಅದನ್ನು ಹಿಡಿದಿಟ್ಟುಕೊಳ್ಳೋದಿಲ್ಲ. ಆದರೆ ಉಪ್ಪಿನ ಸೋಡಿಯಂ, ಗ್ಲೂಕೋಸ್ ಎರಡೂ ಜೊತೆಗಿದ್ದರೆ ಕರುಳು ಎರಡನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತೆ, ನೀರು ಅವುಗಳ ಹಿಂದೆಯೇ ಹೋಗುತ್ತೆ. ಕಾಲರಾದಲ್ಲೂ ಈ ದಾರಿ ಮುಚ್ಚೋದಿಲ್ಲ. ರಾಬರ್ಟ್ ಕ್ರೇನ್ 1960ರಲ್ಲಿ ಈ ಜೋಡಿಯ ವಿಷಯ ಹೇಳಿದ್ದರು. 1968ರಲ್ಲಿ ಢಾಕಾದಲ್ಲಿ ನಾಲಿನ್ ಮತ್ತು ಕ್ಯಾಶ್ ರೋಗಿಗಳಿಗೇ ಕುಡಿಸಿ ತೋರಿಸಿದ್ದರು. ಅದಕ್ಕೂ ಮುಂಚೆ, 1953ರಲ್ಲೇ, ಹೇಮೇಂದ್ರನಾಥ ಚಟರ್ಜಿ ಅನ್ನೋ ಬಂಗಾಳಿ ವೈದ್ಯರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೇ ತರಹದ್ದು ಬರೆದಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. (ನಮ್ಮಲ್ಲಿ ಭೇದಿಯಾದಾಗ ಅಜ್ಜಿಯರು ಉಪ್ಪು ಹಾಕಿದ ಗಂಜಿ ಕುಡಿಸ್ತಾರಲ್ಲ, ಅದು ಸುಮ್ಮನೆ ಅಲ್ಲ. ಅಕ್ಕಿಯ ಪಿಷ್ಟ ಕರುಳಲ್ಲಿ ಗ್ಲೂಕೋಸ್ ಆಗುತ್ತೆ!)

ಆದರೆ ಡಾಕ್ಟರ್, ನರ್ಸ್ ಅಳೆದು ಕುಡಿಸೋದು ಬೇರೆ, ಶಿಬಿರದಲ್ಲಿ ಯಾರೋ ಕುಡಿಸೋದು ಬೇರೆ. ಮಹಲನಬಿಸ್ ಧೈರ್ಯ ಮಾಡಿದ್ದು ಇಲ್ಲಿ. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದಲ್ಲಿ ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಅಂಟಿಸಿ ಕಳಿಸಿದರು. ಖರ್ಚು ಲೀಟರಿಗೆ 11 ಪೈಸೆ. ಡ್ರಮ್ಮಿನಲ್ಲಿ ಕಲಸಿಟ್ಟರು. ನಲ್ಲಿಯಿಂದ ಹಿಡಿದು ತಂದು ಕುಡಿಸುವ ಕೆಲಸ ತಾಯಿ, ಅಣ್ಣ, ಹೆಂಡತಿ ಯಾರು ಜೊತೆಗಿದ್ದರೋ ಅವರದ್ದು. ಔಷಧಿ ಮನೆಯವರ ಕೈಗೆ ಬಂತು.

ಕೆಲವು ಶಿಬಿರಗಳಲ್ಲಿ ಕಾಲರಾ ಬಂದ ನೂರು ಜನರಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದ ಕಾಲ. ಇಲ್ಲಿ ಎಂಟು ವಾರದಲ್ಲಿ ಚಿಕಿತ್ಸೆ ಪಡೆದ ಸುಮಾರು 3,700 ಜನರಲ್ಲಿ ಸತ್ತವರು ಶೇ 3.6. 1978ರಲ್ಲಿ ಅದೇ ಲ್ಯಾನ್ಸೆಟ್, ಇದು ಬಹುಶಃ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಅಂತ ಬರೆಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದಿದ್ದು 2023ರಲ್ಲಿ. ನಮ್ಮ ಸರ್ಕಾರಗಳ ಟೈಮಿಂಗ್!

ಪ್ಯಾಕೆಟ್ಟೂ ಸಿಗದ ಹಳ್ಳಿಗಳಿಗೆ 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು ಕಾಲ್ನಡಿಗೆಯಲ್ಲಿ ಹೋದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಕಲಿಸಿದರು. ಕಲಿಸಿದವರ ಸಂಬಳ ನಿಂತಿದ್ದು, ಆಮೇಲೆ ಕೇಳಿದಾಗ ತಾಯಂದಿರಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ. ಇದು ನಂಗೆ ಇಡೀ ಕಥೆಯಲ್ಲೇ ತುಂಬಾ ಇಷ್ಟವಾದ ಭಾಗ.

ಈಗ ನಿಮ್ಮ ಪ್ಯಾಕೆಟ್‌ಗೆ ಬನ್ನಿ. ಅಂಗಡಿಯಲ್ಲಿ ಜ್ಯೂಸ್ ತರಹದ ಸಿಹಿ ಪಾನೀಯಗಳೂ ಓಆರ್‌ಎಸ್ ಅಂತ ಹೆಸರು ಹಾಕಿಕೊಂಡು ಕೂತಿದ್ದವು. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರು ತೆಗೀರಿ ಅಂತ ಆದೇಶ ಮಾಡ್ತು. ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪು 2.6. ಪ್ಯಾಕೆಟ್ ಹಿಂದೆ ಅದನ್ನೇ ಹುಡುಕಿ, ಎಕ್ಸ್‌ಪೈರಿ ಡೇಟ್ ಕೂಡ. ಲೀಟರ್ ಪ್ಯಾಕೆಟ್ ಅಂದರೆ ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೆ. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿಕೊಂಡರೆ ಉಪ್ಪಿನ ಲೆಕ್ಕ ತಪ್ಪುತ್ತೆ, ಪುಟ್ಟ ಮಕ್ಕಳಿಗೆ ಅದು ಅಪಾಯ. ಕಲಸಿದ್ದು 24 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿ. ಮಗು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಗುಟುಕು ಗುಟುಕಾಗಿ ಕುಡಿಸ್ತಾ ಇರಿ.