ಸೂತ್ರವೂ ವೃತ್ತಿಯೂ

ಗ್ರಂಥವೊಂದು ಹಳೆಯದಾಗಬೇಕಾದರೆ ಕೆಲವು ನೂರು ವರ್ಷಗಳಾದರೂ ಕಳೆಯಬೇಕು ಎಂಬುದು ನಮ್ಮಂಥ ಭಾಷೆಯ ಮೇಷ್ಟರುಗಳ ನಂಬಿಕೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದ ಸೂತ್ರಗಳನ್ನು ಕಂದಪದ್ಯಗಳಲ್ಲಿ ರಚಿಸಿ, ಅವುಗಳಿಗೆ ವೃತ್ತಿಯನ್ನೂ ತಾನೇ ಬರೆದಿಟ್ಟ. ಸೂತ್ರ ಹೇಳಿದವನೇ ಅರ್ಥವನ್ನೂ ಹೇಳಿದ್ದರಿಂದ ಇಂದಿಗೂ ನಾವು ತರಗತಿಯಲ್ಲಿ ನೆಮ್ಮದಿಯಿಂದ ಪಾಠ ಹೇಳುತ್ತಿದ್ದೇವೆ. ಹಳಗನ್ನಡದ ಸೂತ್ರಗಳನ್ನು ಇನ್ನು ಯಾರೂ ತಿದ್ದಬೇಕಾದ ಪ್ರಸಂಗ ಬಾರದು. ಆದರೆ ಸೂತ್ರವೇ ಎರಡು ಮೂರು ವರ್ಷಗಳಿಗೊಮ್ಮೆ ಬದಲಾಗುತ್ತ ಹೋದರೆ ವೃತ್ತಿಯ ಗತಿಯೇನು? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟದ್ದು ಯಾವುದೇ ವ್ಯಾಕರಣ ಗ್ರಂಥವಲ್ಲ. ‘ಇಮ್ಯಾಕ್ಸ್’ ಎಂಬ ಕಂಪ್ಯೂಟರ್ ಎಡಿಟರ್ ಒಂದರ ಕೈಪಿಡಿ, ಅದರಲ್ಲಿಯೂ ಅದರ ಒಂದು ಅನುಬಂಧ.

ಎಡಿಟರ್ ಎಂದೊಡನೆ ಪತ್ರಿಕೆಯ ಓದುಗರು ಸಂಪಾದಕರನ್ನು ನೆನೆಯಬಾರದು. ಕಂಪ್ಯೂಟರಿನಲ್ಲಿ ಬರಹವನ್ನು ಟೈಪು ಮಾಡಲು, ಅಳಿಸಲು, ತಿದ್ದಲು ಇರುವ ಸಾಧನಕ್ಕೆ ಆ ಹೆಸರು. ಇಮ್ಯಾಕ್ಸ್‌ನ ವಂಶವೃಕ್ಷ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋಗುತ್ತದೆ. ೧೯೬೦ರ ದಶಕದ ಆರಂಭದಲ್ಲಿ ಡ್ಯಾನ್ ಮರ್ಫಿ ಎಂಬವರು ಅಲ್ಲಿ ‘ಟೆಕೊ’ ಎಂಬ ಎಡಿಟರನ್ನು ಕಟ್ಟಿದರು. ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಬರೆದದ್ದನ್ನು ತಿದ್ದುವುದಕ್ಕೆ ಹುಟ್ಟಿದ್ದು ಅದು. ಅದರ ಆಜ್ಞೆಗಳು ಬಹುಮಟ್ಟಿಗೆ ಒಂದೊಂದಕ್ಷರ. ಹಲವನ್ನು ಪೋಣಿಸಿ ‘ಮ್ಯಾಕ್ರೊ’ ಎಂಬ ಸಂಯುಕ್ತ ಆಜ್ಞೆ ಮಾಡಿಕೊಳ್ಳಬಹುದಾಗಿತ್ತು. ಈ ಸೌಕರ್ಯ ಸಿಕ್ಕಮೇಲೆ ಕೇಳಬೇಕೆ? ಅಲ್ಲಿನ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮ್ಯಾಕ್ರೊಗಳನ್ನು ಕೂಡಿಹಾಕಿಕೊಂಡರು. ಒಬ್ಬರ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತರೆ ಯಾವ ಕೀಲಿ ಒತ್ತಿದರೆ ಏನಾಗುತ್ತದೆಂಬುದು ತಿಳಿಯದ ಸ್ಥಿತಿ ಬಂತು. ೧೯೭೬ರಲ್ಲಿ ಗೈ ಸ್ಟೀಲ್ ಈ ಗೊಂದಲವನ್ನು ಒಂದು ಕ್ರಮಕ್ಕೆ ತರಲು ಹೊರಟರು. ರಿಚರ್ಡ್ ಸ್ಟಾಲ್ಮನ್ ಅದನ್ನು ಕೈಗೆತ್ತಿಕೊಂಡು ಪೂರೈಸಿದರು. ಎಡಿಟರ್ ಮ್ಯಾಕ್ರೊಗಳು ಎಂಬ ಮಾತು ಕುಗ್ಗಿ ‘ಇಮ್ಯಾಕ್ಸ್’ ಆಯಿತು.

೧೯೮೧ರಲ್ಲಿ ಸ್ಟಾಲ್ಮನ್ ಇದರ ಮೇಲೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಇದಕ್ಕೆ ಮುಖ್ಯವಾದ ಮೂರು ವಿಶೇಷಣಗಳನ್ನು ಕೊಟ್ಟರು: ಬೆಳೆಸಬಹುದಾದದ್ದು, ಬೇಕಾದಂತೆ ಒಗ್ಗಿಸಿಕೊಳ್ಳಬಹುದಾದದ್ದು, ತನ್ನ ವಿವರವನ್ನು ತಾನೇ ಹೇಳಿಕೊಳ್ಳುವಂಥದ್ದು. ಮೂರನೆಯದು ನನ್ನ ಗಮನವನ್ನು ವಿಶೇಷವಾಗಿ ಸೆಳೆಯಿತು. ೧೯೮೫ರಲ್ಲಿ ‘ಗ್ನೂ ಇಮ್ಯಾಕ್ಸ್’ ಎಂಬ ಹೆಸರಿನಿಂದ ಸಾರ್ವಜನಿಕರ ಕೈಗೆ ಬಂದ ರೂಪದಲ್ಲಿ ಪ್ರತಿಯೊಂದು ಆಜ್ಞೆಯ ಒಡಲಿನಲ್ಲಿಯೇ ಅದರ ಅರ್ಥವನ್ನು ಬರೆದಿಡುವ ಪದ್ಧತಿ ಇದೆ. ಕಂಟ್ರೋಲ್ ಕೀಲಿಯೊಡನೆ ‘ಎಚ್’ ಒತ್ತಿ ಕೇಳಿದರೆ ‘ನಾನು ಇಂಥ ಕೆಲಸ ಮಾಡುತ್ತೇನೆ’ ಎಂದು ಆ ಆಜ್ಞೆಯೇ ಹೇಳುತ್ತದೆ. ಆಜ್ಞೆಯನ್ನು ತಿದ್ದುವವನ ಕಣ್ಣೆದುರಿಗೇ ಅರ್ಥವೂ ಇರುವುದರಿಂದ ತಿದ್ದುವುದನ್ನು ಮರೆಯುವ ಸಂಭವ ಕಡಮೆ. ಕೇಶಿರಾಜನ ಕ್ರಮವೇ ಇದು: ಒಂದೇ ಓಲೆಯ ಮೇಲೆ ಸೂತ್ರ, ಅದರ ಕೆಳಗೆ ವೃತ್ತಿ.

ಹಾಗಾದರೆ ತೊಡಕು ಎಲ್ಲಿ? ಬಾಗಿಲಿನಲ್ಲಿ.

ಹೋಟೆಲಿಗೆ ಹೋದವರು ‘ಒಂದು ಕಾಫಿ’ ಎನ್ನುತ್ತಾರೆ. ಅದರ ಬೆನ್ನಿಗೇ ‘ಸಕ್ಕರೆ ಬೇಡ, ಡಿಕಾಕ್ಷನ್ ಜಾಸ್ತಿ ಇರಲಿ’ ಎಂದೂ ಸೇರಿಸುತ್ತಾರೆ. ಲೋಟ ಮೇಜಿನ ಮೇಲೆ ಬಂದಮೇಲೆ ಹೇಳಿ ಪ್ರಯೋಜನವಿಲ್ಲ. ಕಮ್ಯಾಂಡ್ ಲೈನಿನ ಆಯ್ಕೆಗಳೆಂದರೆ ಇಂಥ ಮಾತುಗಳೇ. ಇಮ್ಯಾಕ್ಸ್ ಎಂದು ಟೈಪು ಮಾಡಿ, ಪಕ್ಕದಲ್ಲಿ ಒಂದು ಅಡ್ಡಗೆರೆ ಹಾಕಿ ಚಿಕ್ಕ ‘ಕ್ಯೂ’ ಅಕ್ಷರ ಬರೆದರೆ, ‘ನನ್ನ ಸ್ವಂತ ಏರ್ಪಾಡುಗಳ ಕಡತವನ್ನು ಓದದೆ ಎದ್ದೇಳು’ ಎಂದರ್ಥ. ಕೂಡುವ ಚಿಹ್ನೆ ಹಾಕಿ ಒಂದು ಸಂಖ್ಯೆ ಬರೆದು ಕಡತದ ಹೆಸರು ಹೇಳಿದರೆ, ಆ ಕಡತದ ಅಷ್ಟನೆಯ ಸಾಲಿಗೇ ಹೋಗಿ ನಿಲ್ಲುತ್ತದೆ. ಒಂದಕ್ಷರದ ಆಯ್ಕೆಗೆ ಒಂದು ಅಡ್ಡಗೆರೆ ಯೂನಿಕ್ಸ್‌ನ ಹಳೆಯ ರೂಢಿ. ಪೂರ್ಣ ಪದದ ಆಯ್ಕೆಗೆ ಎರಡು ಅಡ್ಡಗೆರೆ ಗ್ನೂ ಪಂಥದವರ ವಾಡಿಕೆ.

ಈ ಮಾತುಗಳನ್ನು ಹೇಳುವ ಹೊತ್ತಿಗೆ ಇಮ್ಯಾಕ್ಸ್ ಇನ್ನೂ ಎದ್ದಿರುವುದಿಲ್ಲ. ಎಚ್ಚರವಾದ ಮೇಲೆ ಸಾವಿರ ಪ್ರಶ್ನೆಗೆ ಉತ್ತರ ಹೇಳುವ ಜಾಣ, ತನ್ನನ್ನು ಹೇಗೆ ಎಬ್ಬಿಸಬೇಕೆಂಬುದನ್ನು ಮಾತ್ರ ನಿದ್ರೆಯಲ್ಲಿ ಹೇಳಲಾರ. ಆದ್ದರಿಂದ ಆಯ್ಕೆಗಳ ಅರ್ಥವನ್ನು ಹೊರಗಡೆ ಮನುಷ್ಯರೇ ಬರೆದಿಡಬೇಕು. ಅದೂ ಒಂದು ಕಡೆಯಲ್ಲ, ಮೂರು ಕಡೆ. ಎರಡು ಅಡ್ಡಗೆರೆ ಹಾಕಿ ‘ಹೆಲ್ಪ್’ ಎಂದಾಗ ಪರದೆಯ ಮೇಲೆ ಬರುವ ಪಟ್ಟಿ ಒಂದು. ಅದು ಕಾರ್ಯಕ್ರಮದ ಮೂಲ ಬರಹದೊಳಗೇ ಇದೆ. ದೊಡ್ಡ ಕೈಪಿಡಿಯ ಅನುಬಂಧ ಎರಡನೆಯದು. ಯೂನಿಕ್ಸ್ ಸಂಪ್ರದಾಯದ ‘ಮ್ಯಾನ್’ ಪುಟ ಮೂರನೆಯದು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯನ್ನು ಹೊರತಂದದ್ದು ೧೯೭೧ರ ನವೆಂಬರ್ ೩ರಂದು. ತಮ್ಮ ಸಾಧನದ ಗುಣದ ಜೊತೆಗೆ ‘ದೋಷಗಳು’ ಎಂಬ ತಲೆಬರಹದ ಕೆಳಗೆ ಅದರ ಕುಂದುಗಳನ್ನೂ ಬರೆದ ಪ್ರಾಮಾಣಿಕರು ಅವರು. ಇಮ್ಯಾಕ್ಸ್‌ನ ಈ ಮೂರು ಬರಹಗಳಲ್ಲಿ ಒಂದನ್ನು ತಿದ್ದಿದರೆ ಉಳಿದೆರಡು ತಾವಾಗಿಯೇ ತಿದ್ದಿಕೊಳ್ಳುವುದಿಲ್ಲ. ಹಸ್ತಪ್ರತಿಗಳ ಪಾಠಾಂತರಗಳನ್ನು ಕಂಡವರಿಗೆ ಇದರ ಫಲ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ನಿದರ್ಶನ ಕೊಡುತ್ತೇನೆ. ೨೦೦೭ರಲ್ಲಿ ಬಂದ ಇಪ್ಪತ್ತೆರಡನೆಯ ಆವೃತ್ತಿಯಲ್ಲಿ ದೊಡ್ಡಕ್ಷರದ ‘ಕ್ಯೂ’ ಎಂಬ ಆಯ್ಕೆ ಹುಟ್ಟಿತು. ಬಳಕೆದಾರನ ಏರ್ಪಾಡು, ಆ ಕಚೇರಿಯವರು ಎಲ್ಲರಿಗೂ ಮಾಡಿಟ್ಟ ಏರ್ಪಾಡು, ಸ್ವಾಗತದ ಪುಟ ಎಲ್ಲವನ್ನೂ ಬದಿಗಿಟ್ಟು ಇಮ್ಯಾಕ್ಸ್ ಬರಿಮೈಯಲ್ಲಿ ಏಳುವಂತೆ ಮಾಡುವ ಆಯ್ಕೆ ಅದು. ಯಾವುದೇ ದೋಷವನ್ನು ವರದಿ ಮಾಡುವವರಿಗೆ ‘ಮೊದಲು ಈ ಆಯ್ಕೆ ಹಾಕಿ ನೋಡಿ’ ಎಂದು ಹೇಳುವುದು ಅಲ್ಲಿಂದೀಚೆಗೆ ಪದ್ಧತಿಯಾಯಿತು. ತಪ್ಪು ಇಮ್ಯಾಕ್ಸ್‌ನದೋ ನಮ್ಮ ಏರ್ಪಾಡಿನದೋ ಎಂಬುದು ಅದರಿಂದ ಇತ್ಯರ್ಥವಾಗುತ್ತದೆ. ೨೦೧೨ರ ಇಪ್ಪತ್ತನಾಲ್ಕನೆಯ ಆವೃತ್ತಿಯಲ್ಲಿ ಇನ್ನೊಂದು ಆಯ್ಕೆ ಬಂತು: ಸ್ಥಳೀಯವಾಗಿ ಸೇರಿಸಿದ ಕಡತಗಳ ಕೋಶಗಳನ್ನೇ ಹುಡುಕಬೇಡ ಎಂಬುದು ಅದರ ಅರ್ಥ. ದೊಡ್ಡ ‘ಕ್ಯೂ’ ಇದನ್ನೂ ಒಳಗೊಳ್ಳತಕ್ಕದ್ದೆಂದು ಜೊತೆಯಲ್ಲಿಯೇ ತೀರ್ಮಾನವಾಯಿತು. ಹೊಸ ಶಬ್ದ ಹುಟ್ಟಿದ್ದರಿಂದ ಹಳೆಯ ಶಬ್ದದ ಅರ್ಥ ಹಿಗ್ಗಿತು! ಹೊಸದರ ವಿವರಣೆ ಬರೆದು ಹಳೆಯದರ ವಿವರಣೆಯನ್ನು ಹಾಗೆಯೇ ಬಿಟ್ಟರೆ, ಓದಿದವನು ದೋಷವನ್ನು ಇಲ್ಲದ ಕಡೆ ಹುಡುಕುತ್ತ ಕೂರುತ್ತಾನೆ. ಇಲ್ಲದ ಕೈಪಿಡಿ ಅಷ್ಟು ಕೆಡುಕಲ್ಲ. ಓದುಗ ಬೇರೆ ದಾರಿ ನೋಡಿಕೊಳ್ಳುತ್ತಾನೆ. ಹಳಸಿದ ಕೈಪಿಡಿ ಹಾಗಲ್ಲ. ನಂಬಿಸಿ ದಾರಿ ತಪ್ಪಿಸುತ್ತದೆ.

ಸೇರಿಸುವಷ್ಟೇ ಮುಖ್ಯವಾದದ್ದು ಹೊಡೆದುಹಾಕುವುದು. ಕನ್ನಡಿಗರಿಗೆ ಸಂಬಂಧಪಟ್ಟ ಒಂದು ಪ್ರಸಂಗ ಇಲ್ಲಿದೆ. ಒಂದು ಅಕ್ಷರಕ್ಕೆ ಒಂದೇ ‘ಬೈಟ್’ ಎಂಬ ಕಾಲದಲ್ಲಿ ಒಟ್ಟು ೨೫೬ ಚಿಹ್ನೆಗಳಿಗೆ ಮಾತ್ರ ಎಡೆ. ಅದರಲ್ಲಿ ಅರ್ಧ ಇಂಗ್ಲಿಷಿನ ಪಾಲು. ಉಳಿದರ್ಧಕ್ಕೆ ಲೋಕದ ಲಿಪಿಗಳೆಲ್ಲ ಸಾಲುಗಟ್ಟಬೇಕು. ಜಪಾನಿನ ಕೆನ್‌ಇಚಿ ಹಾಂಡಾ ಮತ್ತು ಅವರ ಸಂಗಡಿಗರು ಹಲವು ಲಿಪಿಗಳು ಒಂದೇ ಕಡತದಲ್ಲಿ ನಿಲ್ಲುವಂತೆ ಮಾಡಿದ ಪರಿಷ್ಕರಣ ೧೯೯೭ರ ಇಪ್ಪತ್ತನೆಯ ಆವೃತ್ತಿಯಲ್ಲಿ ಸೇರಿತು. ಆದರೂ ಹಳೆಯ ರೀತಿಯೇ ಸಾಕೆನ್ನುವವರಿಗಾಗಿ ‘ಯೂನಿಬೈಟ್’ ಎಂಬ ಆಯ್ಕೆ ಉಳಿದಿತ್ತು. ೨೦೦೯ರ ಇಪ್ಪತ್ತಮೂರನೆಯ ಆವೃತ್ತಿ ಒಳಗೊಳಗೇ ಯೂನಿಕೋಡನ್ನು ಅವಲಂಬಿಸಿತು. ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನ ಕೊಟ್ಟ ಸಂಕೇತಮಾಲೆ ಇದು. ಆಗ ‘ಯೂನಿಬೈಟ್’ ಬಳಕೆ ತಪ್ಪಿದ್ದೆಂದು ಸಾರಿದರು. ಇಪ್ಪತ್ತನಾಲ್ಕನೆಯದರಲ್ಲಿ ಅದು ನಿಷ್ಫಲವಾಯಿತು. ಇಂದು ಇಮ್ಯಾಕ್ಸ್‌ನ ಜೊತೆ ಬರುವ, ಹಲವು ಭಾಷೆಗಳ ಕುಶಲಪ್ರಶ್ನೆಗಳ ‘ಹಲೋ’ ಎಂಬ ಕಡತದಲ್ಲಿ ‘ನಮಸ್ಕಾರ’ ಎಂಬುದು ನಮ್ಮ ಲಿಪಿಯಲ್ಲಿಯೇ ಇದೆ.

ಬೆಳೆಸಬಹುದಾದ ಸಾಧನವೆಂದ ಮೇಲೆ ಬಳಕೆದಾರನೂ ತನ್ನದೇ ಆಯ್ಕೆಗಳನ್ನು ಸೇರಿಸಿಕೊಳ್ಳಬಹುದು; ಇಮ್ಯಾಕ್ಸ್ ಅದಕ್ಕೂ ಅವಕಾಶ ಕೊಟ್ಟಿದೆ. ಅವು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಆದ್ದರಿಂದ ಈ ಅನುಬಂಧ ಎಂದೂ ಸಂಪೂರ್ಣವಲ್ಲ. ಆಗಾಗ ಸರಿಯಾಗಿರುವಂತೆ ನೋಡಿಕೊಳ್ಳಬಹುದು, ಅಷ್ಟೆ. ಹಾಗೆ ನೋಡಿಕೊಳ್ಳುವ ಹಕ್ಕು ಎಲ್ಲರಿಗೂ ಇರಬೇಕೆಂಬುದು ಸ್ಟಾಲ್ಮನ್‌ರ ವಾದ: ಕಾರ್ಯಕ್ರಮವನ್ನು ತಿದ್ದಲು ಸ್ವಾತಂತ್ರ್ಯ ಕೊಟ್ಟು, ಕೈಪಿಡಿಯನ್ನು ತಿದ್ದಬಾರದೆಂದರೆ, ಕರ್ತವ್ಯಬುದ್ಧಿಯುಳ್ಳವನು ಏನು ಮಾಡಬೇಕು? ನ್ಯಾಯವಾದ ಮಾತು. ವಿಚಿತ್ರವೆಂದರೆ, ಇಮ್ಯಾಕ್ಸ್ ಕೈಪಿಡಿಯಲ್ಲಿಯೇ ಯಾರೂ ಬದಲಿಸಕೂಡದ ಭಾಗಗಳಿವೆ. ‘ಗ್ನೂ ಘೋಷಣಾಪತ್ರ’ ಅವುಗಳಲ್ಲೊಂದು. ಹೀಗೆ ಕೈಯಿಡಲಾಗದ ಭಾಗಗಳಿರುವ ಗ್ರಂಥ ಸ್ವತಂತ್ರವಲ್ಲವೆಂದು ಡೆಬಿಯನ್ ಬಳಗದವರು ೨೦೦೬ರಲ್ಲಿ ಮತ ಹಾಕಿ ನಿರ್ಣಯಿಸಿದರು. ಅವರ ಭಂಡಾರದಲ್ಲಿ ಇಮ್ಯಾಕ್ಸ್ ಒಂದು ಕಡೆ, ಅದರ ಕೈಪಿಡಿ ‘ಸ್ವತಂತ್ರವಲ್ಲದ್ದು’ ಎಂಬ ಇನ್ನೊಂದು ಕಡೆ ಸೇರಿದವು. ಸೂತ್ರವನ್ನೂ ವೃತ್ತಿಯನ್ನೂ ಅಗಲಿಸಿದ್ದು ಈ ಸಲ ಮರೆವಲ್ಲ, ತತ್ತ್ವ!

ಇನ್ನು, ಮರೆವಿಗೆ ಅವರು ಕಂಡುಕೊಂಡ ಮದ್ದು ಬಹಳ ಸರಳವಾದದ್ದು. ಪ್ರತಿ ಆವೃತ್ತಿಯ ಹೊಸ ಸಂಗತಿಗಳನ್ನು ‘ನ್ಯೂಸ್’ ಎಂಬ ಕಡತದಲ್ಲಿ ಬರೆಯುತ್ತಾರೆ. ಒಂದು ಸಂಗತಿಯ ಮೇಲೆ ಮೂರು ಕೂಡುವ ಚಿಹ್ನೆಗಳಿದ್ದರೆ ಕೈಪಿಡಿಗಳಲ್ಲೆಲ್ಲ ಅದನ್ನು ಬರೆದಾಯಿತು ಎಂದರ್ಥ. ಮೂರು ಕಳೆಯುವ ಚಿಹ್ನೆಗಳಿದ್ದರೆ ಬರೆಯುವ ಅಗತ್ಯವಿಲ್ಲ. ಏನೂ ಇಲ್ಲದಿದ್ದರೆ ಯಾರಾದರೂ ನೋಡಬೇಕು. ನಮ್ಮ ಮನೆಯ ದಿನಸಿ ಚೀಟಿಯಲ್ಲಿ ತಂದ ಸಾಮಾನಿನ ಮುಂದೆ ಗುರುತು ಹಾಕುವುದಿಲ್ಲವೆ, ಹಾಗೆ. ಸಂಬಳದ ಆಸೆಯಿಲ್ಲದೆ ಬೇರೆ ಬೇರೆ ದೇಶಗಳಲ್ಲಿ ಕುಳಿತ ಅನೇಕರು, ‘ಮೂಲಕ್ಕೆ ಕೈಯಿಟ್ಟವನು ವಿವರಣೆಗೂ ಕೈಯಿಡಬೇಕು’ ಎಂಬ ನಿಯಮವನ್ನು ಈ ಪುಟ್ಟ ಗುರುತುಗಳಿಂದ ಪಾಲಿಸಿಕೊಂಡು ಬಂದಿದ್ದಾರೆ. ೨೦೨೩ರ ಇಪ್ಪತ್ತೊಂಬತ್ತನೆಯ ಆವೃತ್ತಿಯಲ್ಲಿ, ಸ್ವಂತ ಏರ್ಪಾಡುಗಳ ಕೋಶ ಎಲ್ಲಿದೆಯೆಂದು ಹೇಳುವ ಹೊಸ ಆಯ್ಕೆ ಬಂದಾಗಲೂ ಅದೇ ಶಿಸ್ತು. ಆವೃತ್ತಿ ಬಿಡುಗಡೆಯಾಗುವ ಮುನ್ನ ಆ ಗುರುತುಗಳನ್ನೆಲ್ಲ ಅಳಿಸಿಬಿಡುತ್ತಾರೆ. ಓದುಗನ ಕೈಗೆ ಬರುವುದು ಸರಿಯಾದ ಒಂದು ಸಾಲು ಮಾತ್ರ.