ಇಂಗ್ಲಿಷಿನಲ್ಲಿ ನೆರವು ನೀಡುವ ಸೌಜನ್ಯದ ಮಾತುಗಳು

ಇನ್ನೊಬ್ಬರ ಕೆಲಸಕ್ಕೆ ಕೈಜೋಡಿಸಲು ಸಿದ್ಧ ಎಂದು ತಿಳಿಸುತ್ತಲೇ, ಬೇಡವೆನ್ನುವ ಅವಕಾಶವನ್ನೂ ಅವರಿಗೆ ಉಳಿಸುವ ಮಾತಿನ ರೂಪಗಳು. ಇಂಗ್ಲಿಷಿನಲ್ಲಿ ಇವು ಬಹುಮಟ್ಟಿಗೆ ಪ್ರಶ್ನೆಗಳ ರೂಪದಲ್ಲಿರುತ್ತವೆ.

ಹಿನ್ನೆಲೆ: ಮಾತೂ ಒಂದು ಕ್ರಿಯೆ ಎಂಬ ವಿಚಾರವನ್ನು ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸಗಳಲ್ಲಿ ವಿಸ್ತರಿಸಿದರು; 1962ರಲ್ಲಿ ಅವು ಪುಸ್ತಕವಾದವು. ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಇಂಗ್ಲಿಷ್, ತಮಿಳು ಹಾಗೂ ಮೆಕ್ಸಿಕೊದ ಟ್ಸೆಲ್ಟಾಲ್ ಭಾಷೆಗಳನ್ನು ಆಧರಿಸಿ ಸೌಜನ್ಯದ ಸಿದ್ಧಾಂತವನ್ನು ರೂಪಿಸಿದರು (1978, ಪರಿಷ್ಕೃತ ರೂಪ 1987). ಅವರ ಪ್ರಕಾರ ನೆರವಿನ ಮಾತೂ ಕೇಳುಗರಿಗೆ ಇಕ್ಕಟ್ಟು ತರಬಲ್ಲದು. ಒಪ್ಪಿಕೊಂಡರೆ ಹಂಗು, ನಿರಾಕರಿಸಿದರೆ ಮುಜುಗರ. ಈ ಹಂಗನ್ನು ಹಗುರ ಮಾಡುವುದೇ ಸೌಜನ್ಯರೂಪಗಳ ಕೆಲಸ.

ರೂಪಗಳು: ‘ಶಾಲ್ ಐ ಓಪನ್ ದ ವಿಂಡೋ?’ ಎಂಬುದು ಕನ್ನಡದ ‘ಕಿಟಕಿ ತೆರೆಯಲೇ?’ ಎಂಬುದಕ್ಕೆ ತೀರ ಹತ್ತಿರ. ಇದು ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿದೆ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಇದೇ ಅರ್ಥಕ್ಕೆ ‘ವಿಲ್ ಐ’ ಎನ್ನುವುದುಂಟು. ‘ವುಡ್ ಯು ಲೈಕ್ ಮಿ ಟು…’ ಎಂಬುದು ನಿರ್ಧಾರವನ್ನು ಕೇಳುಗರಿಗೇ ಒಪ್ಪಿಸುವುದರಿಂದ ಅಪರಿಚಿತರೊಡನೆಯೂ ಕಚೇರಿಯಲ್ಲೂ ಸಲ್ಲುತ್ತದೆ. ‘ಡು ಯು ನೀಡ್ ಎ ಹ್ಯಾಂಡ್?’ ಸಲಿಗೆಯ ಮಾತು. ‘ಡು ಯು ವಾಂಟ್ ಹೆಲ್ಪ್?’ ವ್ಯಾಕರಣಕ್ಕೆ ಸರಿಯಾದರೂ ಅಪರಿಚಿತರಿಗೆ ತುಸು ಒರಟಾಗಿ ಕೇಳಿಸಬಹುದು. ‘ಲೆಟ್ ಮಿ ಗೆಟ್ ದಟ್’ ಎಂಬುದು ಕೇಳದೆಯೇ ಕೈಹಾಕುವ ಆತ್ಮೀಯತೆ. ಬಾಗಿಲು ಹಿಡಿಯುವಂಥ ಚಿಕ್ಕ ಉಪಕಾರಕ್ಕೆ ಒಪ್ಪುತ್ತದೆ. ತಿಂಡಿ ಪಾನೀಯ ನೀಡುವಾಗ ‘ಎನಿ ಟೀ’ಗಿಂತ ‘ಸಮ್ ಟೀ’ ಎನ್ನುವುದೇ ವಾಡಿಕೆ. ‘ಸಮ್’ ಎಂಬುದರಲ್ಲಿ ಹೌದೆಂಬ ಉತ್ತರದ ನಿರೀಕ್ಷೆ ಅಡಗಿರುತ್ತದೆ.

ಕನ್ನಡದೊಡನೆ ಹೋಲಿಕೆ: ಕನ್ನಡದಲ್ಲಿ ‘ಕೊಡಿ, ನಾನು ಹಿಡ್ಕೋತೀನಿ’ ಎಂದು ಚೀಲಕ್ಕೆ ಕೈಚಾಚುವುದೇ ಮರ್ಯಾದೆ. ಅದನ್ನೇ ಪದಕ್ಕೆ ಪದವಿಟ್ಟು ಇಂಗ್ಲಿಷಿನಲ್ಲಿ ಹೇಳಿದರೆ ಅಪ್ಪಣೆಯಂತಾಗುತ್ತದೆ. ಕನ್ನಡದ ‘ಬರೆದುಕೊಡಲಾ?’, ‘ತಂದುಕೊಡಲಾ?’ ಎಂಬಲ್ಲಿ ‘ಕೊಡು’ ಎಂಬ ಸಹಾಯಕ ಕ್ರಿಯಾಪದವೇ ಉಪಕಾರದ ಭಾವವನ್ನು ಹೊರುತ್ತದೆ; ಇಂಗ್ಲಿಷಿನಲ್ಲಿ ಆ ಹೊರೆ ‘ಶಾಲ್’, ‘ಕ್ಯಾನ್’, ‘ವುಡ್’ಗಳ ಮೇಲೂ ‘ಫಾರ್ ಯು’ ಎಂಬುದರ ಮೇಲೂ ಬೀಳುತ್ತದೆ.

ಧ್ವನಿ ಮತ್ತು ಸಂದರ್ಭ: ಬ್ಯಾಂಕು, ಆಸ್ಪತ್ರೆಗಳ ‘ಮೇ ಐ ಹೆಲ್ಪ್ ಯು’ ಫಲಕದಿಂದ ಈ ವಾಕ್ಯ ಕನ್ನಡಿಗರಿಗೂ ಪರಿಚಿತ. ಅಂಗಡಿಯಲ್ಲಿ ‘ಕ್ಯಾನ್ ಐ ಹೆಲ್ಪ್ ಯು?’ ಎಂದರೆ ಸ್ವಾಗತ. ಕಾಂಪೌಂಡಿನೊಳಗೆ ಬಂದ ಅಪರಿಚಿತನಿಗೆ ಬಿಗಿದ ದನಿಯಲ್ಲಿ ಅದನ್ನೇ ಅಂದರೆ ‘ಇಲ್ಲೇನು ಕೆಲಸ?’ ಎಂಬ ತಕರಾರು.

ಉತ್ತರ: ಒಪ್ಪಿಗೆಗೆ ‘ಯೆಸ್, ಪ್ಲೀಸ್’, ನಿರಾಕರಣೆಗೆ ‘ನೋ, ಥ್ಯಾಂಕ್ ಯು’ ಅಥವಾ ‘ಐ ಕ್ಯಾನ್ ಮ್ಯಾನೇಜ್, ಥ್ಯಾಂಕ್ಸ್’ ರೂಢಿ. ಬರೀ ‘ಥ್ಯಾಂಕ್ ಯು’ ಎಂದರೆ ಬೇಕೋ ಬೇಡವೋ ಸ್ಪಷ್ಟವಾಗದು.