ಅಂಗೈಯ ಮೇಲಣ ಸರಸ್ವತಿ

ಬೆಳಕು ಹರಿಯುವ ಹೊತ್ತಿಗೆ, ಇನ್ನೂ ಯಾರೂ ಬಾರದಿರುವ, ಹಳ್ಳಿಯ ಶಾಲೆಯಾದ ಕೂಲಿಮಠದ ಜಗಲಿಯನ್ನು ಎಲ್ಲರಿಗಿಂತ ಮೊದಲು ಏರಿದ ಬಾಲಕನ ಅಂಗೈಯ ಮೇಲೆ ಗುರುಗಳಾದ ಐಗಳು ಸರಸ್ವತಿಯ ನಾಮವನ್ನು ಬರೆಯುತ್ತಿದ್ದರು. ಅವನ ಬೆನ್ನಹಿಂದೆಯೇ ಬಂದವನ ಅಂಗೈಗೆ ಒಂದು ಸೊನ್ನೆ, ಎಂದರೆ ಅವನು ಪ್ರಶಂಸೆಗೂ ಪಾತ್ರನಲ್ಲ, ನಿಂದೆಗೂ ಪಾತ್ರನಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಅಲ್ಲಿಂದಾಚೆಗೆ ಬಂದವರಿಗೆಲ್ಲ ಒಂದೊಂದಾಗಿ ಏರುತ್ತ ಹೋಗುವ ಏಟುಗಳು. ಬಳ್ಳಾರಿ ಸೀಮೆಯ ಮಕ್ಕಳ ದಿನಚರಿಯು ಇನ್ನೂರು ವರ್ಷಗಳ ಹಿಂದೆ ಹೀಗೆ ಆರಂಭವಾಗುತ್ತಿತ್ತು.

ಈ ಸಂಗತಿ ನಮಗೆ ತಿಳಿದುಬಂದಿರುವುದು ಒಂದು ಸರಕಾರಿ ವರದಿಯಿಂದ. ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಅವರು ತಮ್ಮ ಅಧಿಕಾರಕ್ಕೊಳಪಟ್ಟ ಪ್ರಾಂತದಲ್ಲಿ ದೇಶೀಯ ವಿದ್ಯಾಭ್ಯಾಸದ ಸ್ಥಿತಿಯೇನೆಂಬುದನ್ನು ಅರಿಯುವ ಸಲುವಾಗಿ 1822ರಲ್ಲಿ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ವಿವರಗಳನ್ನು ಕೇಳಿದರು. ಹಲವರು ಅಂಕಿಗಳ ಪಟ್ಟಿಯನ್ನು ಕಳುಹಿ ಸುಮ್ಮನಾದರೆ, ತೆಲುಗು ವ್ಯಾಕರಣವೊಂದನ್ನು ರಚಿಸಿದ್ದ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಅವರು ಮಾತ್ರ, 1823ರ ಆಗಸ್ಟಿನಲ್ಲಿ ಬರೆದ ತಮ್ಮ ಉತ್ತರದಲ್ಲಿ, ಶಾಲೆಯ ಒಳಹೊಕ್ಕು ಕುಳಿತು ಕಂಡವರಂತೆ ಅಲ್ಲಿನ ನಡೆವಳಿಕೆಗಳನ್ನು ವರ್ಣಿಸಿದರು. ಅನಂತಪುರವನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ಮಂದಿ ಮಕ್ಕಳೂ ಇದ್ದರು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು. ಹೆಣ್ಣುಮಕ್ಕಳು ಒಟ್ಟು ಅರವತ್ತೇ ಅರವತ್ತು.

ಐದು ವರ್ಷ ತುಂಬಿದ ಮಗುವನ್ನು ಮಠಕ್ಕೆ ಸೇರಿಸುವ ದಿನ ಐಗಳೂ ಶಿಷ್ಯರೂ ಆ ಮಗುವಿನ ಮನೆಗೇ ಬಂದು ಗಣೇಶನ ಮೂರ್ತಿಯ ಸುತ್ತ ಕುಳ್ಳಿರುತ್ತಿದ್ದರು. ಐಗಳು ಮಗುವಿನ ಬೆರಳು ಹಿಡಿದು ಹರಡಿದ ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದರು. ಮರುದಿನದಿಂದ ಅಕ್ಕಿಗೆ ಬದಲು ಮರಳು; ಮರಳಿನಲ್ಲಿ ಅಕ್ಷರ ತಿದ್ದಿ ಕೈ ಕುದುರಿದ ಮೇಲೆ ಹಲಿಗೆ, ಇಲ್ಲವೆ ಕಡತ. ಹಲಿಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನಯವಾದ ಮರದ ಹಲಗೆ. ಅದಕ್ಕೆ ಅನ್ನವನ್ನೂ ಇದ್ದಿಲಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವೋ ಗಂಜಿಯಲ್ಲಿ ಅದ್ದಿ ಬಿರುಸಾಗಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಕೊಟ್ಟದ್ದು. ಬಿಳಿಯ ಬಳಪದಿಂದ ಬರೆದುದನ್ನು ಒದ್ದೆ ಬಟ್ಟೆಯಿಂದ ಒರೆಸಿದರಾಯಿತು, ಕಾಸಿನ ವೆಚ್ಚವಿಲ್ಲ. ಇಂತಹ ಮೃದುವಾದ ಆರಂಭವನ್ನು ಕಲ್ಪಿಸಬಲ್ಲ ಸಮಾಜವು ಅದೇ ಮಗುವಿನ ಅದೇ ಕೈಗೆ ಆ ಏಟಿನ ಲೆಕ್ಕವನ್ನೂ ಕಲ್ಪಿಸಿತಲ್ಲಾ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜಿಲ್ಲೆಯ ಸರಾಸರಿಯಂತೆ ಒಂದು ಮಠದಲ್ಲಿ ಹನ್ನೆರಡು ಹುಡುಗರಿದ್ದರೆಂದು ಇಟ್ಟುಕೊಂಡರೆ ಕಟ್ಟಕಡೆಗೆ ಬಂದವನ ಪಾಲಿಗೆ ಹತ್ತು ಏಟುಗಳು. ಹನ್ನೆರಡು ಮಂದಿಯೂ ಅರುಣೋದಯಕ್ಕೆ ಮುನ್ನವೇ ಎದ್ದು ಓಡಿಬಂದರೂ ಆ ಹತ್ತು ಏಟುಗಳು ಯಾರಿಗಾದರೂ ಬಿದ್ದೇ ತೀರಬೇಕು. ಮಾಡಿದ ತಪ್ಪನ್ನು ದಂಡಿಸುವುದು ಒಂದು ಬಗೆ. ಇಲ್ಲಿಯಾದರೋ ದಂಡನೆ ಮೊದಲೇ ನಿಶ್ಚಿತವಾಗಿದ್ದು ಅದನ್ನು ಹೊರುವ ಅಂಗೈಯನ್ನು ಪ್ರತಿದಿನವೂ ಹೊಸದಾಗಿ ಹುಡುಕಲಾಗುತ್ತಿತ್ತು. ಐಗಳು ಕ್ರೂರಿಗಳಾಗಿದ್ದುದೇ ಇದಕ್ಕೆ ಕಾರಣವೆಂದು ನಾನು ಭಾವಿಸಲಾರೆ. ಶಾಲೆ ತೆರೆಯುವ ಹೊತ್ತು ಆರು ಗಂಟೆಯೆಂದು ಕಲೆಕ್ಟರರು ಬರೆದರು, ಅವರ ಬಳಿ ಗಡಿಯಾರವಿತ್ತು. ಹಳ್ಳಿಯ ಜಗಲಿಯಲ್ಲಿ ಅದೆಲ್ಲಿಯದು? ಹೊತ್ತನ್ನು ಅಳೆಯುವ ಯಂತ್ರವಿಲ್ಲದ ಕಡೆ ಒಬ್ಬ ಹುಡುಗನ ವಿಳಂಬವನ್ನು ಇನ್ನೊಬ್ಬ ಹುಡುಗನ ಆಗಮನದಿಂದಲ್ಲದೆ ಅಳೆಯುವಂತಿರಲಿಲ್ಲ. ಹೀಗಾಗಿ ಒಬ್ಬನ ಶ್ರದ್ಧೆಯೇ ಅವನ ಗೆಳೆಯನ ಏಟಾಯಿತು. ಓಣಿಯಲ್ಲಿ ಜೊತೆಗೂಡಿ ಬರುತ್ತಿದ್ದ ನೆರೆಮನೆಯ ಇಬ್ಬರು ಹುಡುಗರು ಜಗಲಿ ಕಣ್ಣಿಗೆ ಬಿದ್ದೊಡನೆ ಒಬ್ಬರನ್ನೊಬ್ಬರು ಹಿಂದೆ ಹಾಕಿ ಓಡುವುದು ಅನಿವಾರ್ಯವಾಯಿತು. ಆ ಪದ್ಧತಿಯ ನಿಜವಾದ ದೋಷವನ್ನು ನಾನು ಕಾಣುವುದು ಏಟಿನ ನೋವಿಗಿಂತ ಹೆಚ್ಚಾಗಿ ಈ ಓಟದಲ್ಲಿ.

ಸೋಮಾರಿಗಳಿಗೆ ಮೀಸಲಾದ ಶಿಕ್ಷೆಗಳು ಇದಕ್ಕಿಂತ ಘೋರವಾದವು. ಎರಡೂ ಕೈಗಳನ್ನು ಹಗ್ಗದಿಂದ ಬಿಗಿದು, ಸೂರಿಗೆ ಕಟ್ಟಿದ ರಾಟೆಯ ಮೂಲಕ ಹುಡುಗನನ್ನು ಮೇಲಕ್ಕೆ ಜಗ್ಗಿ ತೂಗುಬಿಡುವುದೊಂದು. ನಮ್ಮ ಹಿರಿಯರು ಕೋದಂಡವೆಂದು ಕರೆದು, ಮುಪ್ಪಿನಲ್ಲಿಯೂ ತಗ್ಗಿದ ದನಿಯಲ್ಲಿ ನೆನೆಯುತ್ತಿದ್ದ ಶಿಕ್ಷೆ ಇದೇ. ಬಿಡುವಿಲ್ಲದೆ ಬಸ್ಕಿ ಹೊಡೆಯಿಸುವುದು ಇನ್ನೊಂದು. ಬಸ್ಕಿಯು ಬಹಳ ಆಯಾಸಕರವಾದರೂ ಪ್ರಾಯಶಃ ಆರೋಗ್ಯಕ್ಕೆ ಒಳ್ಳೆಯದಿರಬಹುದೆಂದು ಕ್ಯಾಂಪ್‌ಬೆಲ್ ಅವರು ಅಭಿಪ್ರಾಯಪಟ್ಟರು. ಗರಡಿಯಲ್ಲಿ ಮನಸಾರೆ ಹೊಡೆಯುವ ಬಸ್ಕಿಗೂ ಸಹಪಾಠಿಗಳ ಕಣ್ಣೆದುರಿನಲ್ಲಿ ಅಳುತ್ತ ಹೊಡೆಯುವ ಬಸ್ಕಿಗೂ ಇರುವ ಅಂತರವನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು.

ಆದರೆ ಅದೇ ಜಗಲಿಯಲ್ಲಿ ಮತ್ತೊಂದು ಬಗೆಯ ಶಿಸ್ತೂ ಇತ್ತು. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿ, ಕೆಳಗಣ ವರ್ಗಗಳನ್ನು ಬಹುಮಟ್ಟಿಗೆ ಹಿರೇಮಣಿಗಳ, ಎಂದರೆ ಮುಂದುವರಿದ ಶಿಷ್ಯರ, ವಶಕ್ಕೆ ಕೊಡುತ್ತಿದ್ದರು. ಕಾಗುಣಿತವನ್ನು ಮುಗಿಸಿದವನು ಮರಳಿನಲ್ಲಿ ತಡವರಿಸುವವನ ಬೆರಳು ಹಿಡಿಯುತ್ತಿದ್ದ. ಕಲಿಸುತ್ತ ತನ್ನ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದ. ಗೆಳೆಯನನ್ನು ಹಿಂದೆ ಹಾಕೆಂದು ಬೆಳಗ್ಗೆ ಕಲಿಸಿದ ಮಠವೇ ಸ್ವಲ್ಪ ಹೊತ್ತಿಗೆಲ್ಲ ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳೆಂದು ಕಲಿಸುತ್ತಿತ್ತು. ಇದು ಮೆಚ್ಚತಕ್ಕ ಪದ್ಧತಿಯೆಂದೂ ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಯೋಗ್ಯವೆಂದೂ ಕ್ಯಾಂಪ್‌ಬೆಲ್ ಅವರೇ ಬರೆದಿದ್ದಾರೆ. ಅದು ಉಪಚಾರದ ಮಾತಲ್ಲ. ಮದರಾಸಿನ ಅನಾಥಾಲಯದ ಮೇಲ್ವಿಚಾರಕರಾಗಿದ್ದ ಪಾದ್ರಿ ಆಂಡ್ರೂ ಬೆಲ್ ಅವರು, ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನೂ ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ಕ್ರಮವನ್ನೂ ತಮ್ಮ ಶಾಲೆಯಲ್ಲಿ ಬಳಕೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಆ ಕುರಿತು ಪುಸ್ತಕವನ್ನು ಪ್ರಕಟಿಸಿದರು. ಅದು ಅಲ್ಲಿ ಮದರಾಸು ಪದ್ಧತಿಯೆಂದೇ ಹೆಸರಾಯಿತು. ಇಂತಹದೇ ಕ್ರಮದಲ್ಲಿ ಲಂಡನ್ನಿನ ಬಡಮಕ್ಕಳಿಗೆ ಶಾಲೆ ನಡೆಸಿದ ಜೋಸೆಫ್ ಲ್ಯಾಂಕಾಸ್ಟರ್ ಅವರು ಬೆತ್ತವನ್ನು ಒಲ್ಲದವರು; ಆದರೂ ತಪ್ಪು ಮಾಡಿದವನ ಕೊರಳಿಗೆ ಮರದ ಕೊರಡನ್ನು ಬಿಗಿಸುತ್ತಿದ್ದರು, ಬುಟ್ಟಿಯಲ್ಲಿ ಕುಳ್ಳಿರಿಸಿ ಛಾವಣಿಗೆ ತೂಗುಹಾಕಿಸುತ್ತಿದ್ದರು. ಕೋದಂಡವನ್ನು ನಮ್ಮ ದೇಶದ ಅನಾಗರಿಕತೆಯ ಲಕ್ಷಣವೆಂದು ಭಾವಿಸಿ ತಲೆತಗ್ಗಿಸುವವರು ಆ ಬುಟ್ಟಿಯನ್ನೂ ಗಮನಕ್ಕೆ ತಂದುಕೊಳ್ಳಬೇಕು.

ಓದಿಸುತ್ತಿದ್ದ ಗ್ರಂಥಗಳು ಅಲ್ಪವಾದವಲ್ಲ: ರಾಮಾಯಣ, ಭಾರತ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ, ಪಂಚತಂತ್ರ, ಬೇತಾಳನ ಕಥೆಗಳು. ಆದರೆ ಹಳಗನ್ನಡದ ಪದ್ಯಗಳನ್ನು ಮಕ್ಕಳು ಅರ್ಥವರಿಯದೆ ಉರುಹೊಡೆಯುತ್ತಿದ್ದರು. ಅನೇಕ ಐಗಳಿಗೂ ಅರ್ಥ ತಿಳಿದಿರಲಿಲ್ಲವೆಂಬುದು ಕಲೆಕ್ಟರರ ಆಕ್ಷೇಪಣೆ. ಅರ್ಥವು ಮನಸ್ಸನ್ನು ಹಿಡಿದು ನಿಲ್ಲಿಸದ ಕಡೆ ಬೆತ್ತವು ಮೈಯನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ.

ಶಿಕ್ಷೆಯ ಭಯದಿಂದ ಮಠವನ್ನು ಬಿಟ್ಟವರು ಎಷ್ಟು ಮಂದಿಯೋ. ಹಸಿವಿನಿಂದ ಬಿಟ್ಟವರ ಕಥೆಯನ್ನು ಮಾತ್ರ ಆ ವರದಿಯೇ ಹೇಳುತ್ತದೆ. ವಿಲಾಯಿತಿಯ ಬಟ್ಟೆ ಬಂದು ನೇಕಾರರ ಜೀವನ ಕೆಟ್ಟಿತು, ದೇಶ ಬಡವಾಯಿತು. ಮಗುವಿನ ಎಳೆಯ ಕೈಗಳು ಏನಾದರೂ ಕೆಲಸಕ್ಕೆ ಒದಗುವಂತಾದೊಡನೆ ತಾಯಿತಂದೆಗಳು ಅದನ್ನು ಶಾಲೆಯಿಂದ ಬಿಡಿಸತೊಡಗಿದರು. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆಯೇ ಇಲ್ಲವೆಂದು, ತಾವು ಸೇವೆ ಸಲ್ಲಿಸುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಗೇ ಬರೆದು ತಿಳಿಸಿದ ಕ್ಯಾಂಪ್‌ಬೆಲ್ಲರ ನಿಷ್ಠುರತೆಯನ್ನು ನಾನು ಗೌರವಿಸುತ್ತೇನೆ.

ಮುಂದೆ ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆಯ ಅಧಿಕಾರಿ ಬಿ. ಎಲ್. ರೈಸ್ ಅವರು 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದರು. ಸರಕಾರಿ ಶಾಲೆಯೊಡನೆ ಹಾಜರಿ ಪುಸ್ತಕ ಬಂತು, ಗಂಟೆ ಬಂತು. ಅಂಗೈಯ ಮೇಲಣ ಸರಸ್ವತಿಯೂ ಸೊನ್ನೆಯೂ, ಏರುವ ಏಟುಗಳೂ ಅಳಿದವು. ಬೆತ್ತ ಅಳಿಯಲಿಲ್ಲ. ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನನೋಯಿಸುವುದನ್ನೂ ನಿಷೇಧಿಸಿದ ಕೇಂದ್ರದ ಕಾಯಿದೆ ಬಂದದ್ದು 2009ರಲ್ಲಿ.

ನಾನು ಓದಿದ ಹಳ್ಳಿಯ ಶಾಲೆಯಲ್ಲಿ ತೊಲೆಗೆ ತೂಗುಹಾಕಿದ್ದ ಕಬ್ಬಿಣದ ತುಂಡನ್ನು ಬಡಿದ ಮೇಲೆ ಬಂದವರಿಗೆಲ್ಲ ಸಮನಾಗಿ ಎರಡೆರಡು ಏಟು. ಯಾರೂ ಯಾರನ್ನೂ ಹಿಂದೆ ಹಾಕಬೇಕಾಗಿರಲಿಲ್ಲ. ಆದರೆ ದಿನವೂ ಕೈ ಒಡ್ಡುತ್ತಿದ್ದವನು ಒಬ್ಬನೇ, ಕೊಟ್ಟಿಗೆಯ ಸಗಣಿ ಬಾಚಿ, ದನಗಳನ್ನು ಹೊರಗೆ ಕಟ್ಟಿ, ಒಂದು ಮೈಲಿ ನಡೆದು ಬರುತ್ತಿದ್ದ ನನ್ನ ಪಕ್ಕದ ಹುಡುಗ. ಬೆತ್ತ ತೆಗೆಯುವ ಮುನ್ನವೇ ಅವನು ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು ಚಾಚಿ ನಿಲ್ಲುತ್ತಿದ್ದ.